ಎಡಮೂಲೆಯ ಮನುಷ್ಯ

ರಾಗಿ ಡಬ್ಬದ ಮುಚ್ಚಳದ ಮೇಲಿಟ್ಟಿದ್ದ ಫೋನು ಸರಿರಾತ್ರಿಯಲ್ಲಿ ಗುರ್ರ್ ಎಂದು ನಡುಗಿತು. ತಗಡಿನ ಮುಚ್ಚಳವಾದ್ದರಿಂದ ಸದ್ದು ಚಿಕ್ಕದಾದರೂ ಮನೆಯೆಲ್ಲ ಕೇಳಿಸಿತು.

"ಯಾರು ಹೋದ್ರೇ?" ಎಂದರು ಅಮ್ಮ, ಕಣ್ಣು ಬಿಡದೆ.

"ಯಾರೂ ಹೋಗಿಲ್ಲಮ್ಮ. ಮಲ್ಕೊ."

ಹಾಗೆ ಹೇಳಿದರೂ ಸಂಘಮಿತ್ರ ದಡಬಡಿಸಿ ಎದ್ದು ಫೋನು ತೆಗೆದುಕೊಂಡಳು. ತಲೆದಿಂಬಿನ ಹತ್ತಿರ ಫೋನಿಟ್ಟುಕೊಂಡರೆ ಏನೋ ಕೆಡುಕಾಗುತ್ತದೆಂದು ಎಲ್ಲೋ ಓದಿದ್ದಳು. ದೂರವಿಟ್ಟರೆ ತುರ್ತಿನ ಕರೆ ತಪ್ಪಿಹೋಗಬಹುದೆಂಬ ಹೆದರಿಕೆ. ಎರಡು ಭಯಗಳ ನಡುವೆ ಸಿಕ್ಕ ಜಾಗ ಆ ಡಬ್ಬ.

ಸಂದೇಶ ಕಳಿಸಿದ್ದವಳು ಅವಳ ವಿದ್ಯಾರ್ಥಿನಿ ಕೀರ್ತನ. ಬೆಳಗಾದರೆ ಕಾಲೇಜಿನ ಸಭೆಯಲ್ಲಿ ಪ್ರಬಂಧ ಓದಬೇಕಾಗಿದ್ದ ಹುಡುಗಿ.

"ಮ್ಯಾಮ್ ಸಾರಿ, ಇಷ್ಟೊತ್ತಲ್ಲಿ ಡಿಸ್ಟರ್ಬ್ ಮಾಡ್ತಿದ್ದೀನಿ. ಒಂದು ಡೌಟು. ಅವತ್ತು ಕೇಬಲ್‌ನಲ್ಲಿ ನಮ್ಮ ಸಿನಿಮಾ ಮುಗಿದ್ಮೇಲೆ ಹೀರೇಕಾಯಿ ಸಿಪ್ಪೆ ಚಟ್ನಿ ಮಾಡೋ ಕಾರ್ಯಕ್ರಮ ಬಂತಂತೆ. ನಾನು ಎದ್ದು ಹೋಗಿದ್ದೆ, ಅಮ್ಮ ನೋಡಿದ್ರಂತೆ. ಅದ್ರಲ್ಲೂ ಎಡಮೂಲೆಯ ಮನುಷ್ಯ ಇದ್ರಂತೆ. ನಾಳೆ ಓದುವಾಗ ಅದನ್ನೂ ಸೇರಿಸ್ಕೊಳ್ಳಲಾ?"

ಸಂಘಮಿತ್ರ ಅದನ್ನು ಒಮ್ಮೆ ಓದಿದಳು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದಳು. ಉತ್ತರವಾಗಿ ಉದ್ದನೆಯದೊಂದನ್ನು ಬರೆದು ಅಳಿಸಿ, ಚಿಕ್ಕದೊಂದನ್ನು ಬರೆದು ಅದನ್ನೂ ಅಳಿಸಿ, ಕೊನೆಗೆ "ಬೇಡ" ಎಂದಷ್ಟೇ ಕಳಿಸಿದಳು. ಆಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಸಿನಿಮಾದೊಳಗಿನ ಮನುಷ್ಯ ಹೀರೇಕಾಯಿ ಚಟ್ನಿಗೆ ಹೇಗೆ ಬಂದ?

ದೊಡ್ಡಬಳ್ಳಾಪುರದ ಆ ಖಾಸಗಿ ಕಾಲೇಜಿನಲ್ಲಿ ಸಂಘಮಿತ್ರ ಅತಿಥಿ ಉಪನ್ಯಾಸಕಿ. ಅತಿಥಿ ಎಂದ ಮೇಲೆ ಪ್ರತಿ ವರ್ಷವೂ ಅವರು ಕರೆಯಬೇಕು, ಇವಳು ಹೋಗಬೇಕು. ಕನ್ನಡದ ಪಾಠಗಳನ್ನೆಲ್ಲ ಕಾಯಂ ಮಾಸ್ತರರು ಹಂಚಿಕೊಂಡು ಉಳಿದದ್ದು 'ಸಿನಿಮಾ ಓದು ಮತ್ತು ಬರವಣಿಗೆ' ಎಂಬ ಐಚ್ಛಿಕ ಪತ್ರಿಕೆ. ಅದು ಇವಳ ಪಾಲಿಗೆ ಬಂದಿತ್ತು. ಅದನ್ನೂ ಮುಚ್ಚಿ ಕಂಪ್ಯೂಟರ್ ಲೆಕ್ಕದ ಟ್ಯಾಲಿ ತರಗತಿ ತೆರೆಯಬೇಕೆಂಬುದು ಪ್ರಿನ್ಸಿಪಾಲ್ ಮನೋಹರ್ ಅವರ ಆಸೆ.

"ಟ್ಯಾಲಿ ಕಲಿತ್ರೆ ದೇವನಹಳ್ಳಿ ಕಡೆ ಗೋಡೌನುಗಳಲ್ಲಿ ಕೆಲಸ ಸಿಗುತ್ತೆ ಮೇಡಂ" ಎಂದಿದ್ದರು ಅವರು. "ಸಿನಿಮಾ ನೋಡೋದನ್ನ ಕಲಿಸೋಕೆ ಕಾಲೇಜ್ ಯಾಕೆ ಹೇಳಿ? ನಮ್ಮನೇಲಿ ಎಲ್ರಿಗೂ ಬರುತ್ತೆ."

"ನೋಡೋದಲ್ಲ ಸರ್. ನೋಡಿದ್ದರ ಬಗ್ಗೆ ಬರೆಯೋದು."

"ಅದನ್ನ ಪೇಪರ್‌ನೋರು ಬರೀತಾರಲ್ಲ, ಮೂರು ಸ್ಟಾರು ಎರಡು ಸ್ಟಾರು ಅಂತ."

ಕೊನೆಗೊಂದು ರಾಜಿಯಾಯಿತು. ಮಕ್ಕಳು ಒಂದು ಸಿನಿಮಾದ ಬಗ್ಗೆ ವಿಶ್ಲೇಷಣೆಯ ಪ್ರಬಂಧ ಬರೆಯಬೇಕು. ಅದರ ನಿರ್ದೇಶಕರನ್ನೇ ಕರೆಸಿ, ಆಡಳಿತ ಮಂಡಳಿಯವರ ಎದುರಿಗೆ ಒಳ್ಳೆಯದೊಂದನ್ನು ಓದಿಸಬೇಕು. ಅವರು ಭೇಷ್ ಎಂದರೆ ಪತ್ರಿಕೆ ಉಳಿಯುತ್ತದೆ, ಸಂಘಮಿತ್ರಳೂ ಉಳಿಯುತ್ತಾಳೆ. ಇಲ್ಲದಿದ್ದರೆ ಟ್ಯಾಲಿ.

ಅವಳು ಆರಿಸಿದ ಚಿತ್ರ 'ಕೊನೇ ಕೊಳಾಯಿ'. ಎಂ.ಎ. ಓದುವಾಗ ಬೆಂಗಳೂರಿನಲ್ಲಿ ದೊಡ್ಡ ತೆರೆಯ ಮೇಲೆ ನೋಡಿದ್ದಳು. ಕಪ್ಪು-ಬಿಳುಪು. ಒಬ್ಬ ಮುದುಕಿ ಬೀದಿಯ ಕೊಳಾಯಿ ಮುಂದೆ ಬಿಂದಿಗೆ ಇಟ್ಟುಕೊಂಡು ಕೂತಿರುತ್ತಾಳೆ. ನೀರು ಬರುವುದಿಲ್ಲ. ಬಹಳ ಹೊತ್ತು ಬರುವುದಿಲ್ಲ. ಕೊನೆಗೆ ಬರುತ್ತದೆ. ಅಷ್ಟರಲ್ಲಿ ಬಿಂದಿಗೆ ಕಳುವಾಗಿರುತ್ತದೆ. ಅವತ್ತು ಚಿತ್ರಮಂದಿರದಲ್ಲಿ ಗೊರಕೆ ಹೊಡೆಯದೆ ಉಳಿದವರು ಇವಳೂ, ಇವಳ ಗೆಳತಿಯೂ, ನಿರ್ದೇಶಕ ಜವರಪ್ಪನವರೂ. ಅವರು ಆಮೇಲೆ ಇನ್ನೊಂದು ಸಿನಿಮಾ ಮಾಡಲಿಲ್ಲ.

ಫೋನಿನಲ್ಲಿ ಅನುಮತಿ ಕೇಳಿದಾಗ ಜವರಪ್ಪನವರು ಮಾತು ಮುಗಿಸಲೂ ಬಿಡಲಿಲ್ಲ. "ತೋರಿಸಿ, ತೋರಿಸಿ. ಎಲ್ಲಿ ಬೇಕಾದ್ರೂ ತೋರಿಸಿ. ಯಾರಾದ್ರೂ ನೋಡಿದ್ರೆ ಸಾಕು." ತಮ್ಮ ಹತ್ತಿರವಿದ್ದ ಒಂದೇ ಡಿಸ್ಕನ್ನು ಅಂಚೆಯಲ್ಲಿ ಕಳಿಸಿಯೂ ಕೊಟ್ಟರು.

ಎಲ್ಲಿ ತೋರಿಸುವುದೆಂಬುದೇ ಕಷ್ಟವಾಯಿತು. ಕಾಲೇಜಿನ ಪ್ರೊಜೆಕ್ಟರು ಕೆಲವು ತಿಂಗಳಿಂದ ಎಲ್ಲವನ್ನೂ ಹಸಿರಾಗಿ ತೋರಿಸುತ್ತಿತ್ತು. ಕಪ್ಪು-ಬಿಳುಪು ಚಿತ್ರವನ್ನು ಹಸಿರಾಗಿ ನೋಡಿದ ಮಕ್ಕಳು ಪ್ರಕೃತಿಯ ಬಗ್ಗೆ ಬರೆದುಬಿಟ್ಟರೆ? ಸಂಘಮಿತ್ರ ಎರಡು ದಿನ ಇದನ್ನೇ ಯೋಚಿಸಿ, ಊರಿನ ಕೇಬಲ್ ಚಾನೆಲ್ ನಡೆಸುವ ಗೋವಿಂದರಾಜು ಬಳಿ ಹೋದಳು. ಅವನು ಅದೇ ಕಾಲೇಜಿನಲ್ಲಿ ಓದಿದವನು. "ನಮ್ಮ ಕಾಲೇಜು ಮಕ್ಳಿಗಲ್ವಾ ಮೇಡಂ, ಭಾನುವಾರ ಮಧ್ಯಾಹ್ನ ಹಾಕ್ತೀನಿ ಬಿಡಿ" ಎಂದು ಡಿಸ್ಕ್ ಇಸ್ಕೊಂಡ. ಸಂಘಮಿತ್ರಳ ಮನೆ ದೊಡ್ಡಬೆಳವಂಗಲದಲ್ಲಿ. ಅಲ್ಲಿಗೆ ಅವನ ಕೇಬಲ್ ಬರುವುದಿಲ್ಲ. ಆದ್ದರಿಂದ ಮಕ್ಕಳು ಏನು ನೋಡಿದರೋ ಅದನ್ನು ಅವಳು ನೋಡಲಿಲ್ಲ.

ಅದಕ್ಕೆ ಮೊದಲು ತರಗತಿಯಲ್ಲಿ ಒಂದು ತಿಂಗಳು ಪಾಠ ನಡೆದಿತ್ತು. ಪ್ರಬಂಧ ಬರೆಯಿರಿ ಎಂದು ಮೊದಲ ಸಲ ಹೇಳಿದಾಗ ಎಲ್ಲರೂ ತಾವು ಇಷ್ಟಪಟ್ಟ ಸಿನಿಮಾದ ಕತೆಯನ್ನು ಮದುವೆಯ ತನಕ ಬರೆದು ತಂದಿದ್ದರು. ಒಬ್ಬಳು ಕೊನೆಗೆ 'ಇಂತಿ ತಮ್ಮ ವಿಧೇಯ' ಎಂದು ಸಹಿ ಹಾಕಿದ್ದಳು. ಹಿಂದಿನ ಬೆಂಚಿನ ಅಶೋಕ್ ಬರೆದದ್ದು ಒಂದೇ ಸಾಲು: 'ಹೀರೋ ಎಂಟ್ರಿ ಲೇಟು, ಉಳಿದಂತೆ ಓಕೆ.'

"ಕತೆ ಹೇಳಬೇಡಿ, ಕತೆ ನನಗೆ ಗೊತ್ತು" ಎಂದಳು ಸಂಘಮಿತ್ರ. "ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋದೂ ಬೇಡ. ನಿಮ್ಮದೊಂದು ಮಾತಿರಬೇಕು. ಈ ಸಿನಿಮಾ ನಿಜವಾಗಿ ಯಾವುದರ ಬಗ್ಗೆ ಇದೆ ಅನ್ನೋದನ್ನ ಒಂದು ವಾಕ್ಯದಲ್ಲಿ ಹೇಳೋಕಾಗಬೇಕು. ಆಮೇಲೆ ಅದಕ್ಕೆ ಆಧಾರ. ಆಧಾರ ತೆರೆ ಮೇಲಿಂದಲೇ ಬರಬೇಕು, ನಿಮ್ಮ ಮಾವನ ಮನೆಯಿಂದಲ್ಲ."

"ಮ್ಯಾಮ್, ಯಾರಾದ್ರೂ ಅಲ್ಲ ಅಂದ್ರೆ?" ಎಂದಿದ್ದಳು ಕೀರ್ತನ.

"ಒಳ್ಳೇ ಪ್ರಶ್ನೆ. ಅವರು ಅಲ್ಲ ಅನ್ನೋಕೆ ಮೊದಲು ನೀವೇ ಅಂದುಬಿಡಿ. ಹೀಗೂ ಇರಬಹುದಲ್ಲ ಅಂತ ಕೇಳ್ಕೊಳ್ಳಿ, ಯಾಕೆ ಹಾಗಿಲ್ಲ ಅಂತ ತೋರಿಸಿ."

"ನಮ್ಮಮ್ಮ ಜಗಳ ಆಡೋದೇ ಹಂಗೆ ಮ್ಯಾಮ್" ಎಂದ ಅಶೋಕ್. "ನಾವು ಬಾಯಿ ಬಿಡೋಕೆ ಮುಂಚೆ ನಮ್ಮ ಮಾತೂ ಅವರೇ ಆಡ್ಬಿಡ್ತಾರೆ."

"ಹಾಗಾದ್ರೆ ನಿಮ್ಮಮ್ಮನಿಗೆ ಒಳ್ಳೇ ಮಾರ್ಕ್ಸ್ ಬರುತ್ತೆ. ಕೂತ್ಕೊ."

ಆ ದಿನ ಪಾಠ ಚೆನ್ನಾಗಿ ನಡೆಯುತ್ತಿದ್ದ ಉತ್ಸಾಹದಲ್ಲಿ ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು. ಅದನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಕೂಡ ಎಳೆದಿದ್ದಳು. 'ತೆರೆಯ ಮೇಲೆ ಯಾವುದೂ ತಾನಾಗಿ ಬಂದು ಕೂರುವುದಿಲ್ಲ. ಯಾರೋ ಇಟ್ಟಿರುತ್ತಾರೆ. ಯಾಕೆ ಇಟ್ಟರು ಎಂದು ಕೇಳಿ.'

ಪ್ರಬಂಧಗಳು ಬಂದಾಗ ಸಂಘಮಿತ್ರ ಬೆರಗಾದಳು. ಎಲ್ಲರೂ ಒಬ್ಬನೇ ವ್ಯಕ್ತಿಯ ಬಗ್ಗೆ ಬರೆದಿದ್ದರು. ತೆರೆಯ ಎಡಮೂಲೆಯಲ್ಲಿ, ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಕೂತಿರುವ ಒಬ್ಬ ಮನುಷ್ಯ. ಹೆಗಲ ಮೇಲೆ ಟವೆಲು, ಅಂಗಿ ಜೇಬಿನಲ್ಲಿ ಎರಡು ಪೆನ್ನು. ಅವನು ಮಾತಾಡುವುದಿಲ್ಲ, ಅಲುಗಾಡುವುದಿಲ್ಲ. ಮುದುಕಿಯನ್ನು ನೋಡುತ್ತಿರುತ್ತಾನೆ. ಒಬ್ಬರು ಅವನನ್ನು ಮುದುಕಿಯ ತೀರಿಹೋದ ಗಂಡ ಎಂದಿದ್ದರು. ಇನ್ನೊಬ್ಬರು ಪುರಸಭೆ ಎಂದಿದ್ದರು. ಅಶೋಕ್ ಪ್ರಕಾರ ಅವನೇ ಬಿಂದಿಗೆ ಕಳ್ಳ, 'ಮುಖ ನೋಡಿದ್ರೇನೇ ಗೊತ್ತಾಗುತ್ತೆ.'

ಸಂಘಮಿತ್ರಳಿಗೆ ಅಂಥ ಮನುಷ್ಯನ ನೆನಪೇ ಇರಲಿಲ್ಲ. ಇನ್ನೊಬ್ಬರಾಗಿದ್ದರೆ ಇದೆಲ್ಲಿಂದ ಬಂತು ಎಂದು ಕೇಳುತ್ತಿದ್ದರು. ಅವಳು ತನ್ನ ಮೇಲೇ ಅನುಮಾನಪಟ್ಟಳು. ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟಾಪಿನ ತನಕ ಬಂದು, ಹಾಕಿದೆನೋ ಇಲ್ಲವೋ ಎಂದು ವಾಪಸು ಹೋಗಿ ನೋಡುವವಳು ಅವಳು. ಅಷ್ಟು ಜನ ಮಕ್ಕಳು ನೋಡಿದ್ದಾರೆಂದರೆ ಅವನು ಇದ್ದಾನೆ. ತಾನೇ ಅವತ್ತು ಸರಿಯಾಗಿ ನೋಡಿಲ್ಲ. ಡಿಸ್ಕ್ ಇನ್ನೂ ಗೋವಿಂದರಾಜು ಹತ್ತಿರವೇ ಇತ್ತು, ಅವನು ಇವತ್ತು ಕೊಡ್ತೀನಿ ನಾಳೆ ಕೊಡ್ತೀನಿ ಎನ್ನುತ್ತಿದ್ದ.

ಅದೂ ಅಲ್ಲದೆ ಕೀರ್ತನಳ ಪ್ರಬಂಧ ಅಷ್ಟು ಚೆನ್ನಾಗಿತ್ತು. ಮೊದಲ ವಾಕ್ಯವೇ ಹೀಗಿತ್ತು: 'ಕೊನೇ ಕೊಳಾಯಿ ನೀರಿಗೆ ಕಾಯುವವಳ ಚಿತ್ರವಲ್ಲ, ಕಾಯುವವರನ್ನು ಸುಮ್ಮನೆ ನೋಡುತ್ತ ಕೂರುವವರ ಚಿತ್ರ.' ಇಡೀ ಪ್ರಬಂಧದಲ್ಲಿ ಎಲ್ಲೂ ಕತೆ ಹೇಳಿರಲಿಲ್ಲ. ಎದುರುವಾದವನ್ನೂ ಬಿಟ್ಟಿರಲಿಲ್ಲ: 'ಇವನು ದೇವರಿರಬಹುದೆ? ಇರಲಾರ. ದೇವರು ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಳ್ಳುವುದಿಲ್ಲ.' ಸಂಘಮಿತ್ರ ಓದಿ ಕಣ್ಣೊರೆಸಿಕೊಂಡಳು. ಜವರಪ್ಪನವರಿಗೆ ಅದನ್ನು ಮೊದಲೇ ಕಳಿಸಿಯೂ ಕೊಟ್ಟಳು.

ಈಗ ಈ ಹೀರೇಕಾಯಿ ಚಟ್ನಿ.

ಬೆಳಗಾಗುತ್ತಲೇ ಗೋವಿಂದರಾಜುಗೆ ಫೋನು ಮಾಡಿದಳು. ಏನು ಕೇಳಬೇಕೆಂದು ಮೊದಲೇ ಒಂದು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದಳು.

"ಗೋವಿಂದರಾಜು ಅವರೇ, ಅವತ್ತು ಸಿನಿಮಾದಲ್ಲಿ ಎಡಗಡೆ ಮೂಲೆಯಲ್ಲಿ ಒಬ್ಬರು ಇದ್ದರಂತಲ್ಲ…"

"ವೆಂಕಟರಮಣಪ್ಪನೋರು ಮೇಡಂ! ಆವತಿಯೋರು. ವರ್ಷದ ಪುಣ್ಯತಿಥಿ ಇತ್ತು. ಮಗಳು ಇಲ್ಲೇ ನಮ್ಮ ಬೀದೀಲಿರೋದು, ಮಧ್ಯಾಹ್ನವೆಲ್ಲ ಫೋಟೊ ಹಾಕಿ ಅಂದಿದ್ರು."

ಸಂಘಮಿತ್ರ ಪಕ್ಕದಲ್ಲಿದ್ದ ಕುರ್ಚಿಯನ್ನು ಹುಡುಕಿ ಕೂತಳು.

"ಪುಣ್ಯತಿಥಿ ಅಂತ ಅಕ್ಷರ ಇರಲಿಲ್ವಾ?"

"ಹಾಕ್ದೆ ಮೇಡಂ, ಶುರುನಲ್ಲಿ ಫುಲ್ ಸ್ಕ್ರೀನಲ್ಲೇ ಹಾಕ್ದೆ. ಆಗ ಊರಲ್ಲೆಲ್ಲ ಕರೆಂಟ್ ಹೋಗಿತ್ತಂತೆ, ನಂದು ಯುಪಿಎಸ್ ನೋಡಿ, ಗೊತ್ತಾಗ್ಲಿಲ್ಲ. ಆಮೇಲೆ ಸಿನಿಮಾದಲ್ಲಿ ಅಕ್ಷರ ತೆಗೆದ್ಬಿಟ್ಟೆ. ನೀವು ಅವಾರ್ಡ್ ಸಿನಿಮಾ ಅಂದಿದ್ರಲ್ಲ, ಮರ್ಯಾದೆ ಇರ್ಲಿ ಅಂತ. ಮುಗಿದ್ಮೇಲೆ ಮತ್ತೆ ಹಾಕೋದೇ ಮರ್ತೋಯ್ತು."

"ಹಾರ?"

"ಹಾರ ಹಾಕಿದ್ರೆ ಕೊಳಾಯಿ ಮುಚ್ಕೊಂಡ್ಬಿಡ್ತಿತ್ತು ಮೇಡಂ. ತೆಗ್ದೆ. ಫೋಟೊ ಕಲರ್ ಇತ್ತು, ನಿಮ್ಮ ಸಿನಿಮಾಕ್ಕೆ ಮ್ಯಾಚ್ ಆಗ್ಲಿ ಅಂತ ಬ್ಲ್ಯಾಕ್ ಅಂಡ್ ವೈಟ್ ಮಾಡ್ದೆ. ಅವ್ರು ಆ ಕಡೆ ನೋಡ್ತಾವ್ರೆ, ಅಯ್ಯೋ ಪಾಪ, ಸಿನಿಮಾ ಕಡೆ ನೋಡ್ಲಿ ಅಂತ ತಿರುಗಿಸ್ದೆ. ಏನಾದ್ರೂ ತೊಂದ್ರೆ ಆಯ್ತಾ?"

ತೊಂದರೆ ಎಂಬ ಮಾತು ಇದಕ್ಕೆ ಸಾಲುತ್ತದೆಯೇ ಎಂದು ಸಂಘಮಿತ್ರ ಯೋಚಿಸಿದಳು. ಬೋರ್ಡಿನ ಮೇಲೆ ತಾನು ಬರೆದದ್ದು ಸುಳ್ಳೇನಾಗಿರಲಿಲ್ಲ. ಯಾವುದೂ ತಾನಾಗಿ ಬಂದು ಕೂತಿರಲಿಲ್ಲ. ಗೋವಿಂದರಾಜು ಇಟ್ಟಿದ್ದ. ಯಾಕೆ ಇಟ್ಟ ಎಂದು ಯಾರಾದರೂ ಅವನನ್ನೇ ಕೇಳಬೇಕಾಗಿತ್ತು, ಅಷ್ಟೆ.

"ಇನ್ನೊಂದು ಖುಷಿ ಸಮಾಚಾರ ಮೇಡಂ" ಎಂದ ಅವನು. "ಕಾಲೇಜಲ್ಲಿ ಅವ್ರ ಬಗ್ಗೆ ಮಕ್ಳು ಏನೋ ಬರ್ದವ್ರಂತೆ ಅಂತ ಗೊತ್ತಾಯ್ತು. ಅವ್ರ ಹೆಂಡ್ರು ಮುತ್ಯಾಲಮ್ಮನೋರನ್ನ ಕರ್ಕೊಂಡ್ಬರ್ತಾ ಇದೀನಿ. ಅವ್ರಿಗೆ ಫೋಟೊ ವಿಷ್ಯ ಗೊತ್ತಿಲ್ಲ, ಸಿನಿಮಾದಲ್ಲಿ ನಿಮ್ಮೋರು ಬಂದವ್ರೆ ಅಂತಷ್ಟೇ ಹೇಳಿದೀನಿ. ಮುಂದ್ಗಡೆ ಸೀಟ್ ಇರ್ಲಿ."

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಏಣಿಯ ಕೆಳಗೆ ನಿಂತು, ಬ್ಯಾನರು ಯಾವ ಕಡೆ ಇಳಿದಿದೆ ಎಂದು ಹೇಳುತ್ತಿದ್ದರು. ಸಂಘಮಿತ್ರ ಅವರ ಹತ್ತಿರ ಹೋದಳು.

"ಸರ್, ಒಂದು ಸಣ್ಣ ವಿಷಯ ಇತ್ತು."

"ಸಣ್ಣದಾದ್ರೆ ಆಮೇಲೆ ಹೇಳಿ ಮೇಡಂ."

"ಸ್ವಲ್ಪ ದೊಡ್ಡದೇ ಸರ್."

"ದೊಡ್ಡದಾದ್ರೆ ನಾಳೆ ಹೇಳಿ. ಮಂಡಳಿಯೋರು ಬಂದ್ಬಿಟ್ರು, ಇವ್ರು ನೋಡಿದ್ರೆ 'ಸಿನಿಮಾ' ಅನ್ನೋದನ್ನ ಕಂಬದ ಹಿಂದಕ್ಕೆ ಕಟ್ಟವ್ರೆ."

ಅವಳು ಕೀರ್ತನಳನ್ನು ಹುಡುಕಿಕೊಂಡು ಹೋದಳು. ಪ್ರಬಂಧ ಓದುವುದನ್ನೇ ನಿಲ್ಲಿಸಿ, ಬೇರೆ ಏನಾದರೂ, ನಾಡಗೀತೆಯನ್ನಾದರೂ ಹಾಡಿಸಿಬಿಡೋಣ ಎಂದುಕೊಂಡಿದ್ದಳು. ಕೀರ್ತನ ಅಮ್ಮನ ರೇಷ್ಮೆ ಸೀರೆ ಉಟ್ಟು, ಹಾಳೆಗಳನ್ನು ಎದೆಗೊತ್ತಿಕೊಂಡು ಗೋಡೆಗೆ ಮುಖ ಮಾಡಿ ಬಾಯಿಪಾಠ ಮಾಡುತ್ತಿದ್ದಳು. ಹಿಂದೆ ಅವಳ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಎಲ್ಲರೂ ಪೌಡರು ಹಾಕಿಕೊಂಡು ಸಾಲಾಗಿ ನಿಂತಿದ್ದರು.

"ಮ್ಯಾಮ್, ರಾತ್ರಿಯೆಲ್ಲ ಯೋಚನೆ ಮಾಡ್ದೆ" ಎಂದಳು ಕೀರ್ತನ. "ಆ ಅಡುಗೆ ಕಾರ್ಯಕ್ರಮಾನೂ ಜವರಪ್ಪ ಸರ್‌ದೇನಾ?"

"ಇಲ್ಲ ಕೀರ್ತನ. ನೋಡು, ನಿನಗೊಂದು ಮಾತು…"

"ನಮ್ಮುಡುಗಿ ಹಿಂಗೆಲ್ಲ ಬರೀತಾಳೆ ಅಂತ ಗೊತ್ತೇ ಇರ್ಲಿಲ್ಲ ಮೇಡಂ" ಎಂದರು ಅವಳ ಅಪ್ಪ, ಕೈಮುಗಿದು. "ನಮ್ಗೆ ಅರ್ಥ ಆಗ್ಲಿಲ್ಲ. ಆದ್ರೂ ಮೂರು ಸಲ ಓದಿಸ್ಕೊಂಡು ಕೇಳಿದ್ವಿ."

ಸಂಘಮಿತ್ರ ಕೀರ್ತನಳ ಸೀರೆಯ ನೆರಿಗೆ ಸರಿಮಾಡಿ ಹೊರಗೆ ಬಂದಳು.

ಉಳಿದವರು ಜವರಪ್ಪನವರೊಬ್ಬರೇ. ಅವರಿಗೆ ಹೇಳಿ, ಕಾಲಿಗೆ ಬಿದ್ದು, ದಯವಿಟ್ಟು ಮಕ್ಕಳ ಮುಂದೆ ಬಯ್ಯಬೇಡಿ ಎನ್ನಬಹುದು. ಅವರು ಆಟೋದಿಂದ ಇಳಿದರು. ಸಣಕಲು ಮೈ, ಹೆಗಲಿಗೆ ಬಟ್ಟೆಯ ಚೀಲ, ಇಸ್ತ್ರಿಯಾದ ಜುಬ್ಬ. ಸಂಘಮಿತ್ರಳನ್ನು ಕಂಡವರೇ ನಿಂತುಬಿಟ್ಟರು.

"ನೀವೇನಾ ಆ ಪ್ರಬಂಧ ಕಳಿಸಿದ್ದು?"

"ಹೌದು ಸರ್, ಅದರ ಬಗ್ಗೆನೇ…"

"ನಾನೂ ಅದರ ಬಗ್ಗೆನೇ ಮಾತಾಡೋದಿದೆ" ಎಂದರು ಅವರು, ನಗದೆ. "ಇಲ್ಲಿ ಬೇಡ. ವೇದಿಕೆ ಮೇಲೆ ಮಾತಾಡ್ತೀನಿ."

ಸಂಘಮಿತ್ರಳ ಕಿವಿಯಲ್ಲಿ ಟ್ಯಾಲಿ, ಟ್ಯಾಲಿ ಎಂದು ಯಾರೋ ಹೇಳಿದ ಹಾಗಾಯಿತು.

ಸಭೆ ತುಂಬಿತ್ತು. ಮಂಡಳಿಯವರು ಸೋಫಾದ ಮೇಲೆ. ಅವರ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಗೋವಿಂದರಾಜು ಮುತ್ಯಾಲಮ್ಮನನ್ನು ಕೂರಿಸಿದ್ದ. ಗಟ್ಟಿ ಹೆಂಗಸು, ಎಲೆಅಡಿಕೆ ಹಾಕಿಕೊಂಡು ಎಲ್ಲರನ್ನೂ ನೆಟ್ಟಗೆ ನೋಡುತ್ತಿದ್ದರು. ಸಂಘಮಿತ್ರ ಬಾಗಿಲ ಹತ್ತಿರದ ಕುರ್ಚಿ ಹಿಡಿದಳು. ಓಡಬೇಕಾದರೆ ಹತ್ತಿರವಾಗಲಿ ಎಂದು.

ಕೀರ್ತನ ಓದತೊಡಗಿದಳು. ಮೊದಲ ವಾಕ್ಯ ಮೈಕಿನಲ್ಲಿ ಗಂಟೆಯ ಹಾಗೆ ಕೇಳಿಸಿತು. "…ಮುದುಕಿಯ ಸುತ್ತ ಎಲ್ಲರೂ ಬರುತ್ತಾರೆ, ಹೋಗುತ್ತಾರೆ. ಎಡಮೂಲೆಯ ಮನುಷ್ಯ ಮಾತ್ರ ಎದ್ದು ಹೋಗುವುದಿಲ್ಲ. ಅವನು ಏನೂ ಮಾಡುವುದಿಲ್ಲ. ನೋಡುತ್ತಾನೆ, ಅಷ್ಟೆ."

"ಹೂಂ ಕಣವ್ವ!" ಎಂದರು ಮುತ್ಯಾಲಮ್ಮ, ಇಡೀ ಸಭೆಗೆ ಕೇಳುವಂತೆ. "ಅದೇ ಅವ್ನ ಕೆಲ್ಸ!"

ಎಲ್ಲರೂ ನಕ್ಕರು. ಯಾರೋ ಸಿನಿಮಾ ತಿಳಿದ ಅಜ್ಜಿ ಎಂದುಕೊಂಡ ಪ್ರಿನ್ಸಿಪಾಲರು ಅವರ ಕಡೆ ತಿರುಗಿ ಗೌರವದಿಂದ ತಲೆಯಾಡಿಸಿದರು.

ಕೀರ್ತನ ಧೈರ್ಯಗೊಂಡು ಮುಂದುವರಿಸಿದಳು. "ಬಿಂದಿಗೆ ಕಳುವಾಗುವುದನ್ನು ಕಂಡವನು ಇವನೊಬ್ಬನೇ. ಕಂಡರೂ ಕೂಗುವುದಿಲ್ಲ."

"ಕೂಗಲ್ಲ ಬಿಡು" ಎಂದರು ಮುತ್ಯಾಲಮ್ಮ. "ನಮ್ಮ ಹಿತ್ಲಲ್ಲಿ ಹಸ ಬಿಚ್ಕೊಂಡು ಹೋದಾಗ್ಲೂ ಹಿಂಗೇ ಕೂತಿದ್ದ."

ಸಂಘಮಿತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. ಪ್ರಬಂಧ ಮುಗಿಯಿತು. ಚಪ್ಪಾಳೆ ನಿಲ್ಲುವ ತನಕ ಜವರಪ್ಪನವರು ಮೈಕಿನ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಮುಖವೆತ್ತಿ ಸಭೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿದರು. ಇನ್ನು ಬಂತು ಎಂದುಕೊಂಡಳು ಸಂಘಮಿತ್ರ.

"ಈ ಸಿನಿಮಾ ಬಂದು ಎಷ್ಟೋ ವರ್ಷ ಆಯ್ತು" ಎಂದರು ಅವರು. "ವಿಮರ್ಶಕರು ನಿಧಾನ ಅಂದ್ರು. ನಮ್ಮ ಭಾವಮೈದ ಕೊಳಾಯಿ ರಿಪೇರಿ ಮಾಡಿಸಿದ್ರೆ ಅರ್ಧ ಗಂಟೇಲಿ ಮುಗೀತಿತ್ತು ಅಂದ. ಎಡಮೂಲೆಯ ಮನುಷ್ಯನನ್ನ ಯಾರೂ, ಒಬ್ಬರೂ, ಗಮನಿಸಲಿಲ್ಲ. ಇವತ್ತು ಈ ಮಗು ಗಮನಿಸಿದೆ."

ಸಂಘಮಿತ್ರಳ ಬೆರಳಿನಿಂದ ಸೆರಗು ಜಾರಿತು.

"ಅವನನ್ನ ಅಲ್ಲಿ ಇಡೋದೋ ಬೇಡವೋ ಅಂತ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೀನಿ ಗೊತ್ತಾ?" ಜವರಪ್ಪನವರು ಕಣ್ಣು ಮುಚ್ಚಿದರು. "ಇಟ್ಟೆ. ಎಲ್ಲರೂ ಬೇಡ ಅಂದ್ರು. ನಾನು ಇಟ್ಟೆ."

ಸಭೆ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವನು ಗೋವಿಂದರಾಜು. ಅವನಿಗೆ ಏನೂ ಅನುಮಾನ ಬಂದಂತಿರಲಿಲ್ಲ. ತಾನು ತೆಗೆದುಕೊಂಡ ಕಾಳಜಿಯನ್ನು ದೊಡ್ಡವರು ಮೆಚ್ಚಿಕೊಂಡರು ಎಂಬಂತೆ ಅವನು ಅತ್ತಿತ್ತ ನೋಡಿ ನಗುತ್ತಿದ್ದ.

ಮುತ್ಯಾಲಮ್ಮ ಎದ್ದು ನಿಂತರು.

"ಸ್ವಾಮಿ, ಒಂದು ಮಾತು."

"ಕೇಳಿ ತಾಯಿ" ಎಂದರು ಜವರಪ್ಪನವರು.

"ಆ ಮೂಲೆಯೋರು ನಮ್ಮ ಯಜಮಾನ್ರು. ವೆಂಕಟರಮಣಪ್ಪ ಅಂತ. ನೀವು ಎಲ್ಲಿ ನೋಡಿದ್ರಿ ಅವ್ರನ್ನ?"

ಸಭೆಯಲ್ಲಿ ಒಂದು ಗುಜುಗುಜು ಎದ್ದಿತು. ಕೀರ್ತನ ಬಾಯಿ ತೆರೆದು ನಿಂತಳು. ಪ್ರಿನ್ಸಿಪಾಲರು ಸೋಫಾದ ತುದಿಗೆ ಬಂದರು. ಸಂಘಮಿತ್ರ ಎದ್ದಳು. ಏನಾದರೂ ಹೇಳಬೇಕು, ಮೈಕು ಕೆಟ್ಟಿದೆ ಎಂದಾದರೂ ಹೇಳಬೇಕು ಎಂದುಕೊಂಡಳು. ಅವಳ ನಾಲಿಗೆಗೆ ಬೇಕಾದ ಪದ ಹುಡುಕುವುದಕ್ಕೆ ಯಾವಾಗಲೂ ಹೊತ್ತು ಬೇಕು, ಆ ಹೊತ್ತು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಜವರಪ್ಪನವರು ಕೈಯಲ್ಲಿದ್ದ ಪ್ರಬಂಧದ ಹಾಳೆಗಳನ್ನು ನೋಡಿದರು.

"ನಾನು… ಅಂಥ ಒಂದು ಮುಖಕ್ಕೋಸ್ಕರ ಹುಡುಕ್ತಾ ಇದ್ದೆ ತಾಯಿ. ಸಿಕ್ಕಿದ್ರು."

"ಎಲ್ಲಿ ಸಿಕ್ಕಿದ್ರು?"

"ಅದೇ… ಕೊಳಾಯಿ ಹತ್ರ."

"ಅಂಗಾರೆ ಅದೇಯ!" ಮುತ್ಯಾಲಮ್ಮ ಕೈ ಕೈ ಹೊಡೆದರು. "ನೀರು ತತ್ತಾ ಅಂತ ಕಳ್ಸುದ್ರೆ ಸಂಜೆಗಂಟ ಬತ್ತಿರ್ಲಿಲ್ಲ ಈ ಮನುಷ್ಯ. ಎಲ್ಲಿಗೋಗಿದ್ದೆ ಅಂದ್ರೆ ಸುಮ್ಕೆ ನಿಂತ್ಕತಿದ್ದ. ಸಿನಿಮಾಕ್ಕೋಗಿದ್ದ! ಬಾಯಲ್ಲಿ ಒಂದು ಮಾತು ಬಂತಾ ನೋಡು. ನಾನು ಇವ್ನಿಗೆ ಏನೂ ಬರಾಕಿಲ್ಲ ಅಂತ ಅಷ್ಟು ವರ್ಷ ಬಯ್ದೆ!"

ಅವರು ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಯಾವುದು ಯಾವುದರಿಂದ ಬಂತೆಂದು ಹೇಳುವ ಹಾಗಿರಲಿಲ್ಲ. "ಚೆನ್ನಾಗಿ ಮಾಡವ್ನಾ ಸ್ವಾಮಿ?"

"ತುಂಬಾ ಸಹಜವಾಗಿ ಮಾಡಿದ್ರು" ಎಂದರು ಜವರಪ್ಪನವರು. "ಒಂದೇ ಟೇಕು. ಮತ್ತೆ ಕೇಳಲೇ ಬೇಕಾಗ್ಲಿಲ್ಲ."

ಪ್ರಿನ್ಸಿಪಾಲ್ ಮನೋಹರ್ ಓಡಿಬಂದು ಮೈಕು ಹಿಡಿದರು. ನಮ್ಮ ತಾಲ್ಲೂಕಿನ ನಂಟಿರುವ ಕಲಾವಿದರೊಬ್ಬರನ್ನು ನಮ್ಮ ಕಾಲೇಜೇ ಬೆಳಕಿಗೆ ತಂದಿದೆ, ಇದು 'ಸಿನಿಮಾ ಓದು' ಪತ್ರಿಕೆಯ ಸಾಧನೆ ಎಂದರು. ಮುಂದಿನ ವರ್ಷ ಎರಡು ವಿಭಾಗ ತೆರೆಯುತ್ತೇವೆ, ಎರಡನ್ನೂ ಸಂಘಮಿತ್ರ ಮೇಡಂ ಅವರೇ ನೋಡಿಕೊಳ್ಳುತ್ತಾರೆ ಎಂದರು. ಮಂಡಳಿಯವರು ತಲೆಯಾಡಿಸಿದರು. ಮುತ್ಯಾಲಮ್ಮನಿಗೆ ಶಾಲು ಹೊದಿಸಿದರು. ಅದು ಜವರಪ್ಪನವರಿಗೆಂದು ತಂದಿದ್ದ ಶಾಲು.

ಸ್ಟಾಫ್ ರೂಮಿನಲ್ಲಿ ಉಪ್ಪಿಟ್ಟು, ಕೇಸರಿಬಾತು ಇಟ್ಟಿದ್ದರು. ಜವರಪ್ಪನವರು ತಟ್ಟೆ ಹಿಡಿದುಕೊಂಡು ಸಂಘಮಿತ್ರಳ ಪಕ್ಕಕ್ಕೆ ಬಂದರು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು.

"ಮೇಡಂ, ನಮ್ಮ ಕ್ಯಾಮೆರಾಮನ್ ಒಬ್ಬ ಇದ್ದ. ಭಲೇ ಕಿಲಾಡಿ. ನನಗೆ ಹೇಳದೇನೇ ಏನೇನೋ ಮಾಡ್ಬಿಡ್ತಿದ್ದ." ಒಂದು ಚಮಚ ಉಪ್ಪಿಟ್ಟನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸಿದರು. "ನನ್ನ ಹತ್ರ ಈಗ ಪ್ರತಿ ಕೂಡ ಇಲ್ಲ. ಆ ಮೂಲೆಯಲ್ಲಿ ಅವರು… ಚೆನ್ನಾಗಿ ಕೂತಿದ್ದಾರಾ?"

ಅವರ ಕಣ್ಣು ಹೆದರಿತ್ತು. ಅಂಥ ಹೆದರಿಕೆ ಸಂಘಮಿತ್ರಳಿಗೆ ಚೆನ್ನಾಗಿ ಪರಿಚಯ. ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವಾಗಿನ ಹೆದರಿಕೆ ಅದು.

"ಚೆನ್ನಾಗಿ ಕೂತಿದ್ದಾರೆ ಸರ್" ಎಂದಳು. ಸ್ವಲ್ಪ ಯೋಚಿಸಿ, ಸುಳ್ಳಾಗದಂತೆ, "ಮಕ್ಕಳೆಲ್ಲ ಹಾಗೇ ಹೇಳಿದರು" ಎಂದು ಸೇರಿಸಿದಳು.

ಜವರಪ್ಪನವರು ಉಪ್ಪಿಟ್ಟು ತಿನ್ನತೊಡಗಿದರು. ಕೇಸರಿಬಾತನ್ನೂ ಎರಡನೇ ಸಲ ಹಾಕಿಸಿಕೊಂಡರು. ಬಹಳ ವರ್ಷದ ಮೇಲೆ ಇನ್ನೊಂದು ಸಿನಿಮಾ ಮಾಡಬೇಕೆನ್ನಿಸಿದೆ ಎಂದರು.

ಹೊರಗೆ ಅಂಗಳದಲ್ಲಿ ಕೀರ್ತನ ಮುತ್ಯಾಲಮ್ಮನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಅಶೋಕ್ ದೂರದಲ್ಲಿ ನಿಂತು, "ಅಜ್ಜಿ, ಬಿಂದಿಗೆ ಅವ್ರೇ ತಾನೇ ಕದ್ದಿದ್ದು?" ಎಂದು ಕೂಗಿದ. "ಲೇ ಮುಂಡೇದೇ, ಒಂದು ಚೊಂಬು ಎತ್ತಿಡ್ತಿರ್ಲಿಲ್ಲ ಅವ್ನು, ಬಿಂದಿಗೆ ಎತ್ತಾನಾ?" ಎಂದರು ಮುತ್ಯಾಲಮ್ಮ. ಇದನ್ನು ಕೇಳಿ ಕೀರ್ತನ ಕೂಡಲೇ ಹಾಳೆ ತೆಗೆದು ಪ್ರಬಂಧದ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡಳು.

ಸಂಘಮಿತ್ರ ಅವಳ ಕಡೆ ಎರಡು ಹೆಜ್ಜೆ ಹಾಕಿದಳು. ಆಧಾರವಿಲ್ಲದೆ ಮಾತಾಡಬೇಡಿ ಎಂದು ಹೇಳಿಕೊಟ್ಟವಳು ತಾನು. ಆ ಹುಡುಗಿಗಾದರೂ ಹೇಳಬೇಕು. ಆದರೆ ಹೇಳಿದರೆ ಏನಾಗುತ್ತದೆ? ಕೀರ್ತನ ಪ್ರಾಮಾಣಿಕ ಹುಡುಗಿ, ಹೋಗಿ ಪ್ರಿನ್ಸಿಪಾಲರಿಗೆ ಹೇಳುತ್ತಾಳೆ. ಪ್ರಿನ್ಸಿಪಾಲರು ಮಂಡಳಿಗೆ ಹೇಳುತ್ತಾರೆ. ಸಂಜೆಯೊಳಗೆ ಟ್ಯಾಲಿ ಬರುತ್ತದೆ. ಜವರಪ್ಪನವರು ತಾವು ಇಡದ ಮನುಷ್ಯನಿಗಾಗಿ ನಿದ್ದೆಗೆಟ್ಟದ್ದು ಬಯಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ವರ್ಷ ಸುಮ್ಮನೆ ಕೂತಿದ್ದ ಗಂಡ ಒಂದು ಸಲವಾದರೂ ಕದ್ದು ಎಲ್ಲಿಗೋ ಹೋಗಿದ್ದ ಎಂದು ಆ ಹೆಂಗಸು ಶಾಲು ಹೊದ್ದು ನಗುತ್ತಿದ್ದಾರೆ. ಅವರಿಂದ ಅದನ್ನು ಕಿತ್ತುಕೊಳ್ಳುವುದಕ್ಕೆ ಸರಿಯಾದ ಪದ ತನ್ನಲ್ಲಿಲ್ಲ.

ಅವಳು ಗೇಟಿನ ಕಡೆಗೆ ತಿರುಗಿದಳು. ಬೈಕಿನ ಮೇಲೆ ಗೋವಿಂದರಾಜು ಪಕ್ಕಕ್ಕೆ ಬಂದು ಬ್ರೇಕ್ ಹಾಕಿದ.

"ಮೇಡಂ, ಬಾಳ ಚೆನ್ನಾಗಾಯ್ತು. ಮುಂದಿನ ಭಾನುವಾರ ಇನ್ನೊಂದು ಅವಾರ್ಡ್ ಸಿನಿಮಾ ಇದ್ರೆ ಕೊಡಿ. ಮೂರು ಮನೆಯೋರು ಈಗ್ಲೇ ಕೇಳ್ತಾವ್ರೆ, ನಮ್ಮೋರನ್ನೂ ಹಾಕ್ಸಿ ಅಂತ. ಒಬ್ರಿಗೆ ಎಡಗಡೇನೇ ಬೇಕಂತೆ. ನೀವು ಮಕ್ಳಿಗೆ ಒಂದು ಮಾತು ಹೇಳಿದ್ರೆ…"

"ಮಕ್ಕಳಿಗೆ ಏನು ಹೇಳಬೇಕು?"

"ಏನಿಲ್ಲ, ಸ್ವಲ್ಪ ಒಳ್ಳೇದಾಗಿ ಬರೀಲಿ ಅಂತ. ಯಾಕೆ ಮೇಡಂ, ಏನಾದ್ರೂ ಹೇಳೋದಿತ್ತಾ?"

ಸಂಘಮಿತ್ರ ಅವನ ಮುಖ ನೋಡಿದಳು. ಇಡೀ ವಿಷಯವನ್ನು ಪೂರ್ತಿಯಾಗಿ ತಿಳಿದ ಇನ್ನೊಬ್ಬ ಇವನೇ, ಇವನಿಗೆ ತಿಳಿದಿದೆ ಎಂಬುದೇ ಇವನಿಗೆ ತಿಳಿದಿಲ್ಲ. ಅದು ಹಾಗೇ ಇರಲಿ ಎನ್ನಿಸಿತು. ಕೀರ್ತನಳಿಗೂ ಬೇಡ, ಪ್ರಿನ್ಸಿಪಾಲರಿಗೂ ಬೇಡ, ಯಾರಿಗೂ ಬೇಡ.

"ಡಿಸ್ಕ್ ವಾಪಸ್ ಕೊಡಿ ಗೋವಿಂದರಾಜು" ಎಂದಳು. "ಹೇಳೋದು ಇನ್ನೇನೂ ಇಲ್ಲ."